ಗುಂಡುಪೆಟ್ಟಿಗೆಗೆ ಹಾಕಿದ ನೀರು

ಹೋದ ತಿಂಗಳು ಮಿಡಿಗೇಶಿ ಕಡೆಯ ರೈತರೊಬ್ಬರು ಔಷಧಿ ಹೊಡೆಯುವ ಡ್ರೋನಿನ ನಾಜಲ್ ಒಂದನ್ನು ಕರ್ಚೀಫಿನಲ್ಲಿ ಸುತ್ತಿಕೊಂಡು ನನ್ನ ಅಂಗಡಿಗೆ ಬಂದರು. "ಕಟ್ಕಂಡೈತೆ, ಹೆಂಗಾರ ಮಾಡಿ ಬುಡಿಸ್ಕೊಡಪ್ಪ" ಎಂದು ಕೌಂಟರಿನ ಮೇಲಿಟ್ಟರು. ಬೆಳಕಿಗೆ ಹಿಡಿದು ನೋಡಿದೆ. ತೂತಿನ ಸುತ್ತ ಬೆಳ್ಳಗೆ, ಗಟ್ಟಿಯಾಗಿ ಕೂತಿತ್ತು. ಹೆಬ್ಬೆರಳಿನ ಉಗುರಿನಿಂದ ಗೀರಿದೆ. ಸುಣ್ಣದಂಥ ಪುಡಿ ಗಾಜಿನ ಮೇಲೆ ಉದುರಿತು. ನಮ್ಮ ಕಡೆಯ ಬೋರ್‌ವೆಲ್ ನೀರಿಗೆ ಇದು ಮಾಮೂಲು. ಮನೆಯ ಗೀಸರಿನಲ್ಲಿ, ಬಚ್ಚಲಿನ ನಲ್ಲಿಯಲ್ಲಿ, ಅನ್ನ ಬೇಯಿಸುವ ಪಾತ್ರೆಯ ತಳದಲ್ಲಿ, ಎಲ್ಲ ಕಡೆಯೂ ಇರುವುದೇ. ಮಧುಗಿರಿ ಬಸ್ ಸ್ಟ್ಯಾಂಡಿನ ಹಿಂದೆ ಅಂಗಡಿ ಇಟ್ಟ ಮೇಲೆ ದಿನಕ್ಕೆ ನಾಲ್ಕಾದರೂ ಇಂಥವನ್ನು ಕೆರೆಯುತ್ತೇನೆ. ಆದರೆ ಆವತ್ತು ಯಾಕೋ ಆ ಪುಡಿಯನ್ನು ಒರೆಸಿ ಹಾಕಲು ಕೈ ಬರಲಿಲ್ಲ...

ಆ ಮನುಷ್ಯ ನೆನಪಾಗಿಬಿಟ್ಟ. ಪ್ರೀತಿಯಿಂದ ನೆನಪಾದ ಅಂತ ಯಾರೂ ತಿಳಿಯಬೇಡಿ. ಅವನಷ್ಟು ಕೆಟ್ಟ ಬಾಯಿಯವನನ್ನು ನಾನು ಇನ್ನೊಬ್ಬನನ್ನು ಕಂಡಿಲ್ಲ. ಎದುರಿಗೆ ಎಲ್ಲರೂ 'ಮೇಸ್ತ್ರಿ' ಅನ್ನುತ್ತಿದ್ದೆವು. ಅವನು ಬೆನ್ನು ತಿರುಗಿಸಿದ ಮೇಲೆ ಏನನ್ನುತ್ತಿದ್ದೆವು ಎಂಬುದನ್ನು ಇಲ್ಲಿ ಬರೆಯುವ ಹಾಗಿಲ್ಲ. ವಯಸ್ಸಿನಲ್ಲಿ ನಮ್ಮಪ್ಪನಿಗೆ ಸಮ. ಆದರೂ ಏಕವಚನದಲ್ಲೇ ಬರೆಯುತ್ತೇನೆ. ಈಗ ಬಂದು ಮರ್ಯಾದೆ ಹಚ್ಚಿದರೆ ಅದು ನಾಟಕವಾಗುತ್ತದೆ, ನಾಟಕ ಕಂಡರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು.

ಆಗ ನನಗೆ ಇಪ್ಪತ್ತನಾಲ್ಕು. ಡಿಪ್ಲೊಮಾ ಮುಗಿಸಿ ಸಿರಾದ ಒಂದು ಟ್ರ್ಯಾಕ್ಟರ್ ಶೋರೂಮಿನಲ್ಲಿ ಮೈಕೈಗೆಲ್ಲ ಗ್ರೀಸು ಮೆತ್ತಿಕೊಂಡು ಬಿದ್ದಿದ್ದೆ. ಅಷ್ಟರಲ್ಲಿ ಯಾವುದೋ ಖಾಸಗಿ ಕಂಪನಿಯವರು ನಮ್ಮ ಬೆಟ್ಟಗಳಿಗೆ ಹೆಲಿಕಾಪ್ಟರಿನಿಂದ ಬೆಂಕಿ ಹಾಕುವ ಪ್ರಯೋಗಕ್ಕೆ ಬಂದರು. ಬೆಟ್ಟಕ್ಕೆ ಬೆಂಕಿ ಹಾಕುವುದು ಅಂದರೆ ಕೇಳಿದವರು ಈಗಲೂ ಹೌಹಾರುತ್ತಾರೆ. ಆದರೆ ಅದರಲ್ಲಿ ಅರ್ಥವಿದೆ. ಮಿಡಿಗೇಶಿ, ಚನ್ನರಾಯನದುರ್ಗದ ಕಡೆಯ ಬೆಟ್ಟಗಳು ಬರಿಯ ಬಂಡೆ ಅನ್ನಿಸಿದರೂ ಬಂಡೆಗಳ ಸಂದಿನಲ್ಲಿ ಹುಲ್ಲು ಎದೆಮಟ್ಟ ಬೆಳೆದಿರುತ್ತದೆ. ಶಿವರಾತ್ರಿಯ ಹೊತ್ತಿಗೆ ಒಣಗಿ ಗರಿಗರಿಯಾಗಿ ನಿಂತಿರುತ್ತದೆ. ಯಾರೋ ಒಂದು ಬೀಡಿ ಎಸೆದರೆ ಮೂರು ದಿನ ಇಡೀ ಬೆಟ್ಟ ಉರಿಯುತ್ತದೆ, ಕರಡಿಗಳು ಊರೊಳಕ್ಕೆ ಬರುತ್ತವೆ. ಅದಕ್ಕೆ ಮೊದಲೇ, ಇಬ್ಬನಿ ಇನ್ನೂ ಇರುವ ಚಳಿಗಾಲದ ಬೆಳಗ್ಗೆ, ಅಲ್ಲಲ್ಲಿ ಒಂದೊಂದು ಪಟ್ಟಿ ಹುಲ್ಲನ್ನು ನಾವೇ ಹದವಾಗಿ ಸುಟ್ಟುಬಿಟ್ಟರೆ ಆಮೇಲೆ ಬರುವ ದೊಡ್ಡ ಬೆಂಕಿ ಆ ಕರಿಪಟ್ಟಿಯ ಹತ್ತಿರ ಬಂದು ನಿಲ್ಲುತ್ತದೆ. ತಪ್ಪಲಿನಲ್ಲಾದರೆ ಜನ ನಡೆದುಕೊಂಡು ಹೋಗಿ ಸುಡುತ್ತಾರೆ. ಕೋಡುಗಲ್ಲಿನ ಮೇಲೆ ಯಾರು ಹತ್ತುತ್ತಾರೆ? ಅದಕ್ಕೆ ಹೆಲಿಕಾಪ್ಟರು.

ಹೆಲಿಕಾಪ್ಟರಿನ ಬಾಗಿಲಿಗೆ ಕಚ್ಚಿಸಿದ ಒಂದು ಪೆಟ್ಟಿಗೆ ಇತ್ತು. ನಾವು ಅದಕ್ಕೆ ಗುಂಡುಪೆಟ್ಟಿಗೆ ಅನ್ನುತ್ತಿದ್ದೆವು. ಪಿಂಗ್‌ಪಾಂಗ್ ಚೆಂಡಿನಷ್ಟು ದಪ್ಪದ ಪ್ಲಾಸ್ಟಿಕ್ ಗುಂಡುಗಳನ್ನು ಅದಕ್ಕೆ ಸುರಿಯಬೇಕು. ಗುಂಡಿನೊಳಗೆ, ಕುರಿಗಳ ಗೊರಸು ಹುಣ್ಣಾದಾಗ ನೀರಿಗೆ ಬೆರೆಸುತ್ತಾರಲ್ಲ, ಅದೇ ನೇರಳೆ ಪುಡಿ. ಪೆಟ್ಟಿಗೆಯೊಳಗಿನ ಸೂಜಿ ಒಂದೊಂದು ಗುಂಡಿಗೂ ಚುಚ್ಚಿ, ಕಾರಿನ ರೇಡಿಯೇಟರಿಗೆ ಹಾಕುವ ಥರದ ದ್ರವವನ್ನು ತುಸು ಹನಿಸಿ ಕೆಳಗೆ ಬಿಡುತ್ತದೆ. ಅರ್ಧ ನಿಮಿಷದಲ್ಲಿ ಗುಂಡು ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಅಷ್ಟು ಹೊತ್ತಿಗೆ ಅದು ಬೆಟ್ಟದ ಹುಲ್ಲಿನಲ್ಲಿ ಬಿದ್ದಿರಬೇಕು. ಚುಚ್ಚಿಸಿಕೊಂಡ ಗುಂಡು ಹೊರಗೆ ಬೀಳದೆ ಪೆಟ್ಟಿಗೆಯಲ್ಲೇ ಸಿಕ್ಕಿಕೊಂಡರೆ ಬೆಂಕಿ ಹೆಲಿಕಾಪ್ಟರಿನಲ್ಲೇ. ಅದಕ್ಕೆಂದೇ ಪೆಟ್ಟಿಗೆಯ ನೆತ್ತಿಯ ಮೇಲೆ ಒಂದು ನೀರಿನ ಟ್ಯಾಂಕು, ಪಕ್ಕದಲ್ಲಿ ಒಂದು ಕೆಂಪು ಹಿಡಿ. ಹಿಡಿ ಎಳೆದರೆ ನೀರು ಒಳಕ್ಕೆ ನುಗ್ಗಿ ಬೆಂಕಿ ಆರಬೇಕು.

ಆ ಪೆಟ್ಟಿಗೆಯ ಪಕ್ಕದ ಸೀಟಿನಲ್ಲಿ ಕೂತು ಗುಂಡು ಬಿಡುವ ಕೆಲಸಕ್ಕೆ ತರಬೇತಿ ಪಡೆದು ಆಯ್ಕೆಯಾದವನು ನಾನು. ಸುಳ್ಳು ಯಾಕೆ ಹೇಳಲಿ, ಆ ಸೀಟು ಸಿಕ್ಕಾಗ ನನ್ನ ಕಾಲು ನೆಲದ ಮೇಲಿರಲಿಲ್ಲ. ನಾನು ಹುಟ್ಟಿದ ಊರಿನ ಬೆಟ್ಟದ ನೆತ್ತಿಯನ್ನು, ಕೋಟೆಯ ಗೋಡೆಯನ್ನು, ಕೆರೆಯ ಏರಿಯನ್ನು ಮೇಲಿನಿಂದ ನೋಡಿದವನು ನಮ್ಮ ಮನೆತನದಲ್ಲೇ ನಾನೊಬ್ಬನೇ. ಪೆಟ್ಟಿಗೆಯ ರಿಪೇರಿ, ಸಂರಕ್ಷಣೆ, ಯಾರು ಹತ್ತಬೇಕು ಯಾರು ಹತ್ತಬಾರದು ಎನ್ನುವುದೆಲ್ಲ ಮೇಸ್ತ್ರಿಯ ಕೈಯಲ್ಲಿತ್ತು. ಪಾವಗಡದ ಕಡೆಯವನು. ಸಣ್ಣ ವಯಸ್ಸಿನಲ್ಲೇ ಊರು ಬಿಟ್ಟು ಎಲ್ಲೆಲ್ಲೋ ಹೆಲಿಕಾಪ್ಟರುಗಳ ಕೆಳಗೆ ಮಲಗಿ ಎದ್ದು ಕೆಲಸ ಕಲಿತವನು. ಮದುವೆಯಾಗಿರಲಿಲ್ಲ. ಅವನಿಗೆ ಇದ್ದದ್ದು ಒಂದೇ ಒಂದು ಸರ್ಟಿಫಿಕೇಟು. ಅದರ ಮೇಲೆ ಒಂದು ಕೆಟ್ಟ ಷರಾ ಬಿದ್ದರೆ ಜನ್ಮದಲ್ಲಿ ಇನ್ನು ಯಾರೂ ತನ್ನನ್ನು ಹಾರುವ ಯಂತ್ರದ ಹತ್ತಿರ ಬಿಟ್ಟುಕೊಳ್ಳುವುದಿಲ್ಲ ಎಂದು ಅವನೇ ಹೇಳುತ್ತಿದ್ದ.

ಮೊದಲ ದಿನವೇ ಜಗಳ. ಮಿಡಿಗೇಶಿಯಾಚೆ ಒಂದು ಬಯಲನ್ನು ಸಮ ಮಾಡಿ, ಸುತ್ತ ತಂತಿ ಕಟ್ಟಿ ಹೆಲಿಪ್ಯಾಡ್ ಮಾಡಿಕೊಂಡಿದ್ದೆವು. ಹೊಸ ಯಂತ್ರ ಅಂದ ಮೇಲೆ ಪೂಜೆ ಬೇಡವೇ? ನಾನು ತಟ್ಟೆಯಲ್ಲಿ ತೆಂಗಿನಕಾಯಿ, ಚೆಂಡುಹೂವಿನ ಹಾರ, ಅರಿಶಿನ ಕುಂಕುಮ, ಕರ್ಪೂರ ಎಲ್ಲ ಜೋಡಿಸಿ ತಂದೆ. ಹಾರವನ್ನು ಪೆಟ್ಟಿಗೆಗೆ ಸುತ್ತಿ ಕರ್ಪೂರ ಹಚ್ಚಲು ಕಡ್ಡಿ ಗೀರುತ್ತಿದ್ದೆ. ಎಲ್ಲಿದ್ದನೋ, ಓಡಿಬಂದು ತಟ್ಟೆಯನ್ನು ಕಿತ್ತುಕೊಂಡು ತಂತಿಯಾಚೆಗೆ ಎಸೆದ. ಕಾಯಿ ಉರುಳಿಕೊಂಡು ಹೋಗಿ ಚರಂಡಿಗೆ ಬಿತ್ತು.

"ಒರೇ, ಹಾರದ ಒಂದು ದಾರ ಒಳಗೆ ಹೋದ್ರೆ ಗುಂಡು ನಿಂತೋಗ್ತೈತೆ. ನಿಮ್ಮ ದೇವ್ರು ಬಂದು ಬಿಡಿಸ್ತಾನಾ?" ಅಂದ.

ಮಾತು ಸರಿಯೇ. ಆದರೆ ತಟ್ಟೆಯನ್ನು ಎಸೆಯಬೇಕಾಗಿರಲಿಲ್ಲ. ದೂರ ಹೋಗಿ ಮಾಡಿಕೋ ಅಂದಿದ್ದರೆ ನಾನು ಹೋಗುತ್ತಿರಲಿಲ್ಲವೇ? ಅವನಿಗೆ ಯಾವುದನ್ನೂ ಮೆತ್ತಗೆ ಹೇಳಿ ಗೊತ್ತಿರಲಿಲ್ಲ. ಟೆರಿಕಾಟ್ ಅಂಗಿ ಹಾಕಿಕೊಂಡು ಬಂದರೆ ಎಲ್ಲರೆದುರಿಗೇ ಬಿಚ್ಚಿಸಿ ಬನಿಯನ್ನಿನಲ್ಲಿ ನಿಲ್ಲಿಸುತ್ತಿದ್ದ, ಬೆಂಕಿ ತಗುಲಿದರೆ ಅದು ಚರ್ಮಕ್ಕೆ ಅಂಟಿಕೊಳ್ಳುತ್ತದೆ ಎಂದು. ಗುಂಡಿನ ಚೀಲ ಬಿಚ್ಚಿದರೆ ಒಂದೊಂದನ್ನೂ ಕೈಯಲ್ಲಿ ಉರುಳಿಸಿ ನೋಡಬೇಕು, ಸೀಳು ಬಿಟ್ಟ ಗುಂಡು ಒಂದು ಒಳಗೆ ಹೋದರೂ ಪುಡಿ ಚೆಲ್ಲಿ ಸೂಜಿಯ ಹತ್ತಿರ ಕೂರುತ್ತದೆ. ಸಂಜೆ ಸೂಜಿಯನ್ನು ತೆಗೆದು ತೊಳೆದು, ಗುಂಡು ಜಾರುವ ಕೊಳವೆಯನ್ನು ಒಣಬಟ್ಟೆಯಲ್ಲಿ ಉಜ್ಜಿ, ಆ ಬಟ್ಟೆಯನ್ನು ಅವನ ಮೂಗಿನ ಹತ್ತಿರ ಹಿಡಿಯಬೇಕು. ನೇರಳೆ ಬಣ್ಣದ ಒಂದು ಚುಕ್ಕೆ ಕಂಡರೂ ಮತ್ತೆ ಮೊದಲಿನಿಂದ. ನನ್ನ ಉಗುರುಗಳು ಆ ಪುಡಿಗೆ ಕಂದು ತಿರುಗಿ ಮನೆಯಲ್ಲಿ ಊಟಕ್ಕೆ ಕೂರಲು ನಾಚಿಕೆಯಾಗುತ್ತಿತ್ತು.

ಒಂದು ದಿನ ಮಾತ್ರ ಎಲ್ಲೆ ಮೀರಿತು. ರೆಕ್ಕೆ ತಿರುಗುತ್ತಿರುವಾಗ ಹೆಲಿಕಾಪ್ಟರಿನ ಹತ್ತಿರ ಮುಂದಿನಿಂದಲೇ ಬರಬೇಕು, ಪೈಲಟ್ಟಿನ ಕಣ್ಣಿಗೆ ಬೀಳುತ್ತ, ತಲೆ ಬಗ್ಗಿಸಿಕೊಂಡು ಬರಬೇಕು. ಬಾಲದ ಕಡೆಗೆ ಯಾವ ಕಾರಣಕ್ಕೂ ಹೋಗಬಾರದು, ಅಲ್ಲಿನ ಸಣ್ಣ ರೆಕ್ಕೆ ತಿರುಗುವಾಗ ಕಣ್ಣಿಗೇ ಕಾಣುವುದಿಲ್ಲ. ಇದೆಲ್ಲ ನನಗೆ ಬಾಯಿಪಾಠ. ಆದರೆ ಆವತ್ತು ಅವಸರದಲ್ಲಿ ಗುಂಡಿನ ಚೀಲ ತರಲು ಹಿಂದಿನಿಂದ ಎರಡು ಹೆಜ್ಜೆ ಹಾಕಿಬಿಟ್ಟೆ. ಮೇಸ್ತ್ರಿ ಹಾರಿಬಂದು ಕುತ್ತಿಗೆಪಟ್ಟಿ ಹಿಡಿದು ಎಳೆದುಕೊಂಡು ಹೋದ. ರೆಕ್ಕೆ ನಿಲ್ಲುವವರೆಗೆ ಹಾಗೇ ಹಿಡಿದುಕೊಂಡಿದ್ದು, ನಿಂತ ಮೇಲೆ ಕೆನ್ನೆಗೆ ಬಾರಿಸಿದ.

"ನಿಮ್ಮಪ್ಪನಿಗೆ ನಿನ್ನ ಮೂಟೆ ಕಟ್ಟಿ ಕಳ್ಸಬೇಕೇನೋ ನಾನು? ತಲೆ ಯಾವ್ದು ಕಾಲ್ಯಾವ್ದು ಅಂತ ಗುರ್ತು ಸಿಕ್ಕಲ್ಲ!"

ತಂತಿಯಾಚೆ ಊರಿನ ಹೆಂಗಸರು ನಿಂತಿದ್ದರು. ಅವರಲ್ಲಿ ನನ್ನ ದೊಡ್ಡಮ್ಮನೂ ಇದ್ದಳು. ಮಿಡಿಗೇಶಿಯಲ್ಲೇ ಅವಳ ಮನೆ. ಎರಡೂ ಮಂಡಿ ಬಾಗಿ, ಕೋಲು ಊರಿಕೊಂಡು, ತಂಗಿಯ ಮಗ ಹಾರುವುದನ್ನು ನೋಡಬೇಕೆಂದು ಅಷ್ಟು ದೂರ ನಡೆದು ಬಂದಿದ್ದಳು. ಅವಳು ಕಂಡದ್ದು ಇದನ್ನು. ಆ ಉರಿ ನನ್ನ ಹೊಟ್ಟೆಯಲ್ಲಿ ಕೂತುಬಿಟ್ಟಿತು.

ಇನ್ನು ನೀರಿನ ವಿಷಯಕ್ಕೆ ಬರುತ್ತೇನೆ. ಪ್ರತಿ ಬೆಳಗ್ಗೆ ಹಾರುವ ಮೊದಲು ಮೇಸ್ತ್ರಿ ಆ ಕೆಂಪು ಹಿಡಿ ಎಳೆದು ಟ್ಯಾಂಕಿನ ಅಷ್ಟೂ ನೀರನ್ನು ನೆಲಕ್ಕೆ ಬಿಡುತ್ತಿದ್ದ. ಎಷ್ಟು ರಭಸದಲ್ಲಿ ಬಂತು, ಎಲ್ಲ ತೂತುಗಳಿಂದಲೂ ಬಂತೇ ಎಂದು ಬಗ್ಗಿ ನೋಡುತ್ತಿದ್ದ. ಆಮೇಲೆ ಹೊಸ ನೀರು ತುಂಬಿಸಬೇಕು. ಅದೂ ಬೋರ್ ನೀರಲ್ಲ, ಊರಿನ ಫಿಲ್ಟರ್ ಪ್ಲಾಂಟಿನ ನೀರು. ಉಪ್ಪುನೀರು ತೂತಿನಲ್ಲಿ ಕಟ್ಟಿಕೊಳ್ಳುತ್ತದೆ, ಬೆಂಕಿ ಬಿದ್ದ ದಿನ ಕೈ ಕೊಡುತ್ತದೆ ಎನ್ನುವುದು ಅವನ ಮಾತು. ನಾನು ದಿನಾ ಬೈಕಿನಲ್ಲಿ ಕ್ಯಾನು ಕಟ್ಟಿಕೊಂಡು ಹೋಗಿ, ಪ್ಲಾಂಟಿನ ಮುಂದೆ ಬಿಂದಿಗೆ ಹಿಡಿದು ನಿಂತ ಹೆಂಗಸರ ಜೊತೆ ಸಾಲಿನಲ್ಲಿ ನಿಲ್ಲಬೇಕು. ಅವರಿಂದ ಬೈಸಿಕೊಂಡು ತಂದ ನೀರನ್ನು ಮಾರನೆಯ ಬೆಳಗ್ಗೆ ಅವನು ಅವರ ಕಣ್ಣೆದುರಿಗೇ ಮಣ್ಣಿಗೆ ಬಿಡುತ್ತಿದ್ದ.

"ಅಲ್ಲ ಕಣಪ್ಪ, ನಾವು ಒಂದು ಬಿಂದ್ಗೆ ನೀರಿಗೆ ಜೀವ ಬುಡ್ತಿದ್ರೆ ನೀನು ನೆಲಕ್ಕುಯ್ತೀಯಲ್ಲ, ಹೊಟ್ಟೆಗೇನು ತಿಂತೀಯ?" ಎಂದು ದೊಡ್ಡಮ್ಮ ಒಂದು ದಿನ ತಂತಿಯಾಚೆಯಿಂದಲೇ ಕೇಳಿದಳು.

ಮೇಸ್ತ್ರಿ ತಲೆ ಎತ್ತದೆ ಹೇಳಿದ, "ನೀವು ಉಪ್ಪುನೀರು ಕುಡುದ್ರೆ ಸಾಯಲ್ಲಮ್ಮ. ಇದು ಕುಡುದ್ರೆ ಮೂರು ಜನ ಸಾಯ್ತಾರೆ. ಹೋಗಿ ಅತ್ಲಾಗೆ, ತಲೆ ತಿನ್ಬೇಡಿ."

ಸಾಯಲ್ಲವಂತೆ! ದೊಡ್ಡಮ್ಮನ ಮಂಡಿ ಬಾಗಿದ್ದು ಆ ನೀರನ್ನು ಕುಡಿದೂ ಕುಡಿದೂ ಎಂದು ಡಾಕ್ಟರೇ ಹೇಳಿದ್ದರು. ಅವನೂ ಪಾವಗಡದವನು, ಆ ನೀರು ಏನು ಮಾಡುತ್ತದೆ ಅಂತ ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಾನು ಆವತ್ತೇ ಒಂದು ಅರ್ಜಿ ಬರೆದೆ. ಕುಡಿಯುವ ನೀರು ದಿನವೂ ಪೋಲಾಗುತ್ತಿದೆ, ಊರಿನವರು ರೊಚ್ಚಿಗೆದ್ದಿದ್ದಾರೆ, ಯಾವ ಹೊತ್ತಿನಲ್ಲಾದರೂ ಗಲಾಟೆಯಾಗಬಹುದು ಎಂದು ಬಣ್ಣ ಕಟ್ಟಿ, ಪ್ರಯೋಗದ ಉಸ್ತುವಾರಿಯಲ್ಲಿದ್ದ ಸಾಹೇಬರ ಕೈಗೆ ಕೊಟ್ಟೆ. ಸಾಹೇಬರಿಗೆ ಗಲಾಟೆ ಅನ್ನುವ ಶಬ್ದ ಸಾಕಾಯಿತು. ಇನ್ನು ಮುಂದೆ ನೀರಿನ ಪರೀಕ್ಷೆ ಸೋಮವಾರ ಮಾತ್ರ ಎಂದು ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕಿದರು.

ಮೇಸ್ತ್ರಿ ಅದನ್ನು ಎರಡು ಸಲ ಓದಿದ. ಬರೆದು ಕೊಟ್ಟ ಆದೇಶವನ್ನು ಮೀರುವವನಲ್ಲ ಅವನು, ಅದೇ ಅವನ ಕಾಯಿಲೆ. ಕೆಳಗೆ ತನ್ನ ಅಕ್ಷರದಲ್ಲಿ 'ಇದು ತಪ್ಪು' ಎಂದು ಬರೆದ. ನಂತರ ನನ್ನ ಕಡೆ ತಿರುಗಿದ.

"ಇನ್ಮೇಲೆ ಪೆಟ್ಟಿಗೆ ಪಕ್ಕ ನಾನೇ ಕೂರ್ತೀನಿ. ನೀನು ಕೆಳಗಿರು."

"ಅದು ನನ್ನ ಸೀಟು ಮೇಸ್ತ್ರಿ."

"ನಿನ್ನ ಸೀಟು ನಿಮ್ಮೂರಿನ ಬಸ್ಸಲ್ಲೈತೆ. ಹೋಗಿ ಟವಲ್ ಹಾಕ್ಕೋ."

ಎಲ್ಲರೂ ನಕ್ಕರು. ನಾನು ಸಾಹೇಬರ ಹತ್ತಿರ ಓಡಿದೆ. ಯಾರು ಹತ್ತಬೇಕೆನ್ನುವುದು ಮೇಸ್ತ್ರಿಗೆ ಬಿಟ್ಟ ವಿಷಯ ಎಂದು ಅವರು ಕೈ ಚೆಲ್ಲಿದರು. ಅರ್ಜಿ ಬರೆದದ್ದಕ್ಕೆ ಸೇಡು ತೀರಿಸಿಕೊಳ್ಳುತ್ತಿದ್ದಾನೆ ಎಂದೇ ನಾನು ತಿಳಿದೆ. ಈಗಲೂ ಅದು ಸೇಡಲ್ಲ ಎಂದು ಖಡಾಖಂಡಿತವಾಗಿ ಹೇಳಲಾರೆ. ಅವನ ಮನಸ್ಸಿನಲ್ಲಿ ಏನಿತ್ತೋ... ಕೇಳಿದ್ದರೆ ಅದಕ್ಕೂ ಬೈಯುತ್ತಿದ್ದ.

ಮುಂದಿನ ಸೋಮವಾರ ನಾನು ಎಂದಿನ ಹಾಗೆ ಪ್ಲಾಂಟಿನಲ್ಲಿ ಕ್ಯಾನು ತುಂಬಿಸಿದೆ. ಬೈಕು ತಂತಾನೇ ದೊಡ್ಡಮ್ಮನ ಮನೆಯ ಕಡೆ ತಿರುಗಿತು ಅಂತ ಬರೆದರೆ ಅದು ಸುಳ್ಳು. ತಿರುಗಿಸಿದವನು ನಾನು. ಅವಳ ಹಂಡೆಗೆ ಅಷ್ಟನ್ನೂ ಸುರಿದೆ. "ನಿನ್ನ ಹೊಟ್ಟೆ ತಣ್ಣಗಿರ್ಲಿ ಕಣ್ಲಾ" ಎಂದು ಅವಳು ನನ್ನ ತಲೆ ಸವರಿದಳು. ಖಾಲಿ ಕ್ಯಾನನ್ನು ಹೆಲಿಪ್ಯಾಡಿನ ಮೂಲೆಯ ಬೋರ್ ನಲ್ಲಿಗೆ ಹಿಡಿದು ತುಂಬಿಸಿ ಟ್ಯಾಂಕಿಗೆ ಹಾಕಿದೆ. ರಿಜಿಸ್ಟರಿನಲ್ಲಿ 'ಫಿಲ್ಟರ್ ನೀರು ತುಂಬಲಾಗಿದೆ' ಎಂದು ಬರೆದೆ. ಮೇಸ್ತ್ರಿ ನನ್ನ ಮುಖ ನೋಡಿ, ಏನೂ ಕೇಳದೆ, ಪಕ್ಕದಲ್ಲಿ ಸಹಿ ಮಾಡಿದ.

ಬೆಂಕಿ ಆರಿಸಲು ನೀರು ಸಾಲದೇ, ಬೆಂಕಿಗೇನು ಉಪ್ಪು ಸಪ್ಪೆ ಗೊತ್ತಾಗುತ್ತದೆಯೇ ಎಂದು ನನ್ನಷ್ಟಕ್ಕೆ ವಾದ ಮಾಡಿಕೊಳ್ಳುತ್ತಿದ್ದೆ. ಒಳ್ಳೆಯ ನೀರು ಯಂತ್ರಕ್ಕೆ, ಕೆಟ್ಟ ನೀರು ಮನುಷ್ಯರಿಗೆ ಅನ್ನುವುದು ಯಾವ ನ್ಯಾಯ? ನಮ್ಮ ಕಡೆಯ ಯಾರನ್ನು ಕೇಳಿದರೂ ನಾನು ಮಾಡಿದ್ದೇ ಸರಿ ಅನ್ನುತ್ತಿದ್ದರು. ದೊಡ್ಡಮ್ಮನ ಮೇಲಿನ ಪ್ರೀತಿ ನಿಜ. ಆದರೆ ಅದಕ್ಕಿಂತ ಹೆಚ್ಚಾಗಿ, ಅವನ ಮಾತನ್ನು ಅವನಿಗೇ ಗೊತ್ತಿಲ್ಲದ ಹಾಗೆ ಕಾಲಲ್ಲಿ ತುಳಿಯುವುದರಲ್ಲಿ ನನಗೆ ಖುಷಿಯಿತ್ತು. ಅದನ್ನೂ ಬರೆಯದೆ ಹೋದರೆ ಇದನ್ನು ಬರೆದು ಪ್ರಯೋಜನವಿಲ್ಲ.

ಹೀಗೆ ಮೂರು ಸೋಮವಾರ. ಮಧ್ಯೆ ಟ್ಯಾಂಕು ತುಸು ಇಳಿದಾಗೆಲ್ಲ ಅದೇ ನಲ್ಲಿಯ ನೀರು. ಸೋಮವಾರದ ಪರೀಕ್ಷೆಯಲ್ಲಿ ನೀರು ಬಂತು, ಸ್ವಲ್ಪ ನಿಧಾನ ಅನ್ನಿಸಿತೋ ಏನೋ, ಮೇಸ್ತ್ರಿ ಹುಬ್ಬು ಗಂಟಿಕ್ಕಿ ಟ್ಯಾಂಕನ್ನು ಕೈಯಲ್ಲಿ ತಟ್ಟಿ ಕಿವಿಗೊಟ್ಟು ಕೇಳಿದ. ಬಿಚ್ಚಿ ನೋಡೋಣ ಅಂದರೆ ಅರ್ಧ ದಿನದ ಹಾರಾಟ ನಿಲ್ಲುತ್ತದೆ. ಸಾಹೇಬರು ಬೇಡ ಅಂದರು. ಬಿಸಿಲಿಗೆ ಕಾದ ಟ್ಯಾಂಕಿನ ಒಳಗೋಡೆಗೆ ಬಿಳಿ ಪದರ ಕಟ್ಟುತ್ತ ಹೋಗುತ್ತಿತ್ತು, ಹೆಲಿಕಾಪ್ಟರಿನ ನಡುಕಕ್ಕೆ ಅದು ಚಕ್ಕೆ ಚಕ್ಕೆಯಾಗಿ ಏಳುತ್ತಿತ್ತು ಎನ್ನುವುದು ನಮಗೆ ಗೊತ್ತಾದದ್ದು ಆಮೇಲೆ.

ಆವತ್ತು ಚನ್ನರಾಯನದುರ್ಗದ ಹಿಂಬದಿಯ ಬೆಟ್ಟ. ಬೆಳಗಿನ ಎಂಟು ಗಂಟೆ ಇರಬಹುದು. ನಾನು ತಪ್ಪಲಿನಲ್ಲಿ ವಾಕಿಟಾಕಿ ಹಿಡಿದು ನಿಂತಿದ್ದೆ. ಕೆಂಪು ಹಿಡಿಯ ಪಕ್ಕ ನಾನಿರಬೇಕಾಗಿದ್ದ ಜಾಗದಲ್ಲಿ ಅವನ ಬೆನ್ನು ಕಾಣುತ್ತಿತ್ತು. ಗುಂಡುಗಳು ಬೀಳುತ್ತಿದ್ದವು, ಸ್ವಲ್ಪ ಹೊತ್ತಿಗೆ ಬಂಡೆಯ ಸಂದಿಯಿಂದ ತೆಳುವಾದ ಹೊಗೆ ಏಳುತ್ತಿತ್ತು. ಇದ್ದಕ್ಕಿದ್ದ ಹಾಗೆ ಗುಂಡು ಬೀಳುವುದು ನಿಂತಿತು.

"ಗುಂಡು ಸಿಕ್ಕೊಂತು" ಎಂದು ಮೇಸ್ತ್ರಿ ವಾಕಿಟಾಕಿಯಲ್ಲಿ ಅಂದ. ದನಿಯಲ್ಲಿ ಗಾಬರಿ ಇರಲಿಲ್ಲ. "ಹಿಡಿ ಎಳೀತಿದೀನಿ."

ಆಮೇಲೆ ಗೊರಗೊರ ಶಬ್ದ. ಪೈಲಟ್ಟು ಇಂಗ್ಲಿಷಿನಲ್ಲಿ ಏನೋ ಕೂಗಿದ. ಮೇಸ್ತ್ರಿ ಮತ್ತೆ ಹಿಡಿ ಎಳೆದನೆಂದು ಕಾಣುತ್ತದೆ. ಕೊನೆಗೆ ಅವನ ಮನೆಮಾತು ತೆಲುಗು ಬಾಯಿಗೆ ಬಂತು. "ನೀಳ್ಳು ರಾಲೇದು!" ಎಂದು ಕಿರುಚಿದ. ನೀರು ಬರಲಿಲ್ಲ, ನೀರು ಬರಲಿಲ್ಲ... ಬಾಗಿಲಿನಿಂದ ಬಿಳಿಹೊಗೆ, ಅದರ ಹಿಂದೆ ಬೆಂಕಿಯ ನಾಲಗೆ ಹೊರಗೆ ಬಂದದ್ದನ್ನು ನಾನು ಕೆಳಗಿನಿಂದ ನೋಡಿದೆ. ವಾಕಿಟಾಕಿಯ ಗುಂಡಿ ಒತ್ತುವುದೂ ಮರೆತುಹೋಗಿತ್ತು.

ಪೆಟ್ಟಿಗೆಯನ್ನು ಬಾಗಿಲಿಗೆ ಕಚ್ಚಿಸಿದ ಎರಡು ಕ್ಲಾಂಪುಗಳಲ್ಲಿ ಒಂದು ತಕ್ಷಣ ಬಿಚ್ಚಿತಂತೆ. ಇನ್ನೊಂದು ಕಾದು ಬಿಗಿದುಕೊಂಡಿತ್ತು. ಅದನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸಿ, ಕಾಲಿನಿಂದ ಒದ್ದು ಪೆಟ್ಟಿಗೆಯನ್ನು ಹೊರಕ್ಕೆ ತಳ್ಳಿದ. ಅದು ಉರಿಯುತ್ತಲೇ ಬಂದು ಬರಿ ಬಂಡೆಯ ಮೇಲೆ ಬಿದ್ದು ಉರುಳಿತು. ಹೆಲಿಕಾಪ್ಟರು ಓಲಾಡಿ, ಹೇಗೋ ಬಯಲಿಗೆ ಇಳಿಯಿತು. ಪೈಲಟ್ಟಿಗೂ ಜೊತೆಯಲ್ಲಿದ್ದ ಸಿಬ್ಬಂದಿಗೂ ಏನೂ ಆಗಲಿಲ್ಲ. ಮೇಸ್ತ್ರಿ ತಾನೇ ಇಳಿದು ಬಂದ. ಎರಡೂ ಕೈಗಳನ್ನು ಮುಂದಕ್ಕೆ ಚಾಚಿಕೊಂಡಿದ್ದ. ಅಂಗೈಯ ಚರ್ಮ ಇರಲಿಲ್ಲ.

ಜೀಪು ಹತ್ತಿಸಲು ಹೋದವರನ್ನು ಗದರಿಸಿದ, "ಮೊದ್ಲು ಪೆಟ್ಟಿಗೆ ತಗಂಬನ್ನಿ. ಯಾರೂ ತೊಳೀಬೇಡಿ."

ಮೂರನೆಯ ದಿನ ನನ್ನನ್ನು ಆಸ್ಪತ್ರೆಗೆ ಕರೆಸಿದ. ಹಾಸಿಗೆಯ ಮೇಲೆ ಸುಟ್ಟ ಟ್ಯಾಂಕು. ಎರಡೂ ಕೈಗೆ ಮೊಣಕೈವರೆಗೆ ಬ್ಯಾಂಡೇಜು. ಟ್ಯಾಂಕಿನ ಬಾಯಿಯಲ್ಲಿದ್ದ ಜರಡಿಯನ್ನು ಗಲ್ಲದಿಂದಲೇ ತೋರಿಸಿ "ಉಗುರಲ್ಲಿ ಗೀರು" ಅಂದ. ಗೀರಿದೆ. ಬಿಳಿಯ ಚಕ್ಕೆಗಳು ಹಾಸಿಗೆಯ ಮೇಲೆ ಉದುರಿದವು. ಜರಡಿ ಪೂರ್ತಿ ಮುಚ್ಚಿಹೋಗಿತ್ತು.

"ನೀನು ಹಾಕಿದ್ದು ಫಿಲ್ಟರ್ ನೀರೇನಾ?"

ಆ ಪ್ರಶ್ನೆಯಲ್ಲಿ ಬೈಗುಳ ಇರಲಿಲ್ಲ. ಬೈದಿದ್ದರೆ ನಾನೂ ತಿರುಗಿ ಬೈದು ನಿಜ ಹೇಳಿಬಿಡುತ್ತಿದ್ದೆನೇನೋ ಅಂತ ಎಷ್ಟೋ ಸಲ ಅಂದುಕೊಂಡಿದ್ದೇನೆ. ಅದೂ ಒಂದು ನೆಪವೇ.

"ಹೂಂ ಮೇಸ್ತ್ರಿ, ಫಿಲ್ಟರ್ ನೀರೇ" ಅಂದೆ.

ಅವನು ಬಹಳ ಹೊತ್ತು ಆ ಚಕ್ಕೆಗಳನ್ನೇ ನೋಡಿದ. "ಹಂಗಾದ್ರೆ ಆ ಪ್ಲಾಂಟಿನೋನು ಕಳ್ಳ" ಅಂದ. ನಾನು ಅದಕ್ಕೂ ತಲೆಯಾಡಿಸಿದೆ.

ವಿಚಾರಣೆ ಎರಡೇ ದಿನದಲ್ಲಿ ಮುಗಿಯಿತು. ದಿನದ ಪರೀಕ್ಷೆಯನ್ನು ನಿಲ್ಲಿಸಿದವರು ಯಾರು ಎನ್ನುವುದನ್ನು ಯಾರೂ ದೊಡ್ಡದು ಮಾಡಲಿಲ್ಲ. ಟ್ಯಾಂಕಿನಲ್ಲಿ ಉಪ್ಪು ಕಟ್ಟಿದೆ ಎಂದರೆ ಸಂರಕ್ಷಣೆ ಸರಿಯಿಲ್ಲ, ಸಂರಕ್ಷಣೆ ಯಾರದು? ಮೇಸ್ತ್ರಿಯದು. ನೀರು ತುಂಬಿದ ಸಾಲಿನ ಪಕ್ಕ ಸಹಿ ಯಾರದು? ಮೇಸ್ತ್ರಿಯದು. ನನ್ನನ್ನೂ ಕೇಳಿದರು. ಆಸ್ಪತ್ರೆಯಲ್ಲಿ ಹೇಳಿದ್ದನ್ನೇ ಅಲ್ಲೂ ಹೇಳಿದೆ. ಅವನ ಸರ್ಟಿಫಿಕೇಟಿನ ಮೇಲೆ ಷರಾ ಬಿತ್ತು. ಪ್ರಯೋಗ ನಿಂತಿತು. ಕಂಪನಿಯವರು ಹೋಗುವಾಗ ನನಗೆ ಒಳ್ಳೆಯ ನಡತೆಯ ಪತ್ರ ಕೊಟ್ಟು ಹೋದರು. ಅದನ್ನು ತೋರಿಸಿಯೇ ಡ್ರೋನಿನ ತರಬೇತಿಗೆ ಸೇರಿಕೊಂಡೆ. ಈ ಅಂಗಡಿ, ಈ ಬೋರ್ಡು, ಎಲ್ಲ ಆ ಪತ್ರದಿಂದ ಬಂದದ್ದು.

ಇಷ್ಟು ವರ್ಷ ಪಾವಗಡದ ಬಸ್ಸು ದಿನಾ ಅಂಗಡಿಯ ಹಿಂದೆಯೇ ಹೊರಡುತ್ತಿತ್ತು. ಒಂದು ದಿನವೂ ಹತ್ತಲಿಲ್ಲ. ಅವನಿಗೆ ಗೊತ್ತಿದೆ, ಗೊತ್ತಿದ್ದೂ ಗರ್ವಕ್ಕೆ ಬಾಯಿ ಮುಚ್ಚಿಕೊಂಡಿದ್ದಾನೆ ಎಂದು ನಾನು ಸಮಾಧಾನ ಮಾಡಿಕೊಂಡಿದ್ದೆ. ಎಲ್ಲರನ್ನೂ ಅನುಮಾನಿಸುವವನು ನನ್ನನ್ನು ಬಿಟ್ಟಿರುತ್ತಾನೆಯೇ? ಅವನಿಗೆ ಗೊತ್ತಿದ್ದರೆ ನಾನು ಹೇಳುವುದು ಏನೂ ಉಳಿದಿಲ್ಲವಲ್ಲ. ಎಂಥ ಅನುಕೂಲದ ಲೆಕ್ಕಾಚಾರ! ಹೋದ ತಿಂಗಳು ಆ ನಾಜಲಿನ ಪುಡಿ ಉದುರಿದ ಮೇಲೆ, ಭಾನುವಾರ ಬಸ್ಸು ಹತ್ತಿದೆ.

ವಿಚಾರಿಸಿಕೊಂಡು ಹೋದರೆ ಬಾಗಿಲು ತೆರೆದದ್ದು ಅವನ ತಂಗಿ. "ಎವರು ಕಾವಾಲಿ?", ಯಾರು ಬೇಕು ಎಂದು ತೆಲುಗಿನಲ್ಲಿ ಕೇಳಿ, ನಾನು ಕನ್ನಡದಲ್ಲಿ ಉತ್ತರ ಕೊಟ್ಟಾಗ ಕನ್ನಡಕ್ಕೆ ಬಂದಳು. ಮೇಸ್ತ್ರಿಯ ಜೊತೆ ಕೆಲಸ ಮಾಡುತ್ತಿದ್ದವನು, ನೋಡಿಕೊಂಡು ಹೋಗೋಣ ಎಂದು ಬಂದೆ ಅಂದೆ.

"ನಮ್ಮಣ್ಣ ಹೋದ ಕಾರ್ತೀಕದಲ್ಲಿ ಹೋಗ್ಬಿಟ್ಟ" ಅಂದಳು. "ಬನ್ನಿ ಒಳಕ್ಕೆ."

ಕೂತೆ. ಅವಳೇ ಹೇಳುತ್ತ ಹೋದಳು. ಬೆರಳುಗಳು ಮಡಚುತ್ತಿರಲಿಲ್ಲವಂತೆ. ಸ್ಪಾನರ್ ಹಿಡಿಯಲು ಬರುತ್ತಿರಲಿಲ್ಲ. ಊರಿನ ಹುಡುಗರು ಪಂಪು ಬಿಚ್ಚುವಾಗ ಪಕ್ಕದಲ್ಲಿ ನಿಂತು ಬಾಯಿಯಲ್ಲಿ ರಿಪೇರಿ ಮಾಡುತ್ತಿದ್ದ, ಅವರು ಓಡಿಸಿಬಿಡುತ್ತಿದ್ದರು. ಉಳಿದ ಹೊತ್ತೆಲ್ಲ ಅವನಿಗೆ ಒಂದೇ ಹುಚ್ಚು. ಮಿಡಿಗೇಶಿಗೆ ಬಸ್ಸಿನಲ್ಲಿ ಹೋಗಿ ಆ ಪ್ಲಾಂಟಿನ ನೀರನ್ನು ಬಾಟಲಿಯಲ್ಲಿ ಹಿಡಿದು ತರುವುದು, ಪರೀಕ್ಷೆಗೆ ಕೊಡುವುದು. ಪ್ರತಿ ಸಲವೂ ನೀರು ಚೆನ್ನಾಗಿದೆ ಎಂದೇ ಬರುತ್ತಿತ್ತು. ಪರೀಕ್ಷೆ ಮಾಡುವವರೂ ಕಳ್ಳರು ಅನ್ನುತ್ತಿದ್ದ. ಜನರ ಮುಂದೆ ಪ್ಲಾಂಟಿನವನ ಕುತ್ತಿಗೆಪಟ್ಟಿ ಹಿಡಿದು ಕಿತ್ತಾಡಿದ್ದೂ ಆಯಿತಂತೆ.

"ನಾನು ಒಂದ್ಸಲ ಅಂದೆ, ಆ ನೀರು ತರೋ ಹುಡುಗನೇ ಬೇರೆ ಏನಾದ್ರೂ ಹಾಕಿರ್ಬೇಕು ಕಣಣ್ಣಾ ಅಂತ. ನನ್ನ ಮೇಲೆ ತಟ್ಟೆ ಎತ್ಕೊಂಡ. 'ಆ ನನ್ಮಗ ಸೋಂಬೇರಿ, ಬಾಯಿ ಜಾಸ್ತಿ. ಆದ್ರೆ ಪೆಟ್ಟಿಗೆ ವಿಷ್ಯದಲ್ಲಿ ಸುಳ್ಳು ಹೇಳಲ್ಲ. ಅವನಿಗೆ ಕಲ್ಸಿದ್ದು ನಾನು' ಅಂದ."

ಅವನಿಗೆ ಗೊತ್ತಿರಲಿಲ್ಲ. ಯಾರನ್ನೂ ನಂಬದ ಆ ಒರಟ ಒಂದೇ ಒಂದು ವಿಷಯದಲ್ಲಿ ಒಬ್ಬನನ್ನು ನಂಬಿದ್ದ, ಆ ಒಬ್ಬ ನಾನು. "ಅಮ್ಮಾ, ಆ ಹುಡುಗ ನಾನೇ" ಅಂದೆ. "ನಾನು ಹಾಕಿದ್ದು ಬೋರ್ ನೀರು. ಮೂರು ವಾರ. ಕೇಳಿದಾಗ ಫಿಲ್ಟರ್ ನೀರೇ ಅಂದೆ."

ಅವಳು ಅಳಲಿಲ್ಲ, ಕೂಗಾಡಲಿಲ್ಲ. "ಇಷ್ಟು ದಿನ ಎಲ್ಲಿ ಸತ್ತಿದ್ದೆ?" ಎಂದಷ್ಟೇ ಕೇಳಿದಳು. ಒಳಗೆ ಹೋಗಿ ಒಂದು ಹಾಳೆ, ಪೆನ್ನು ತಂದು ನನ್ನ ಮುಂದಿಟ್ಟಳು. "ಬರ್ಕೊಡು."

ಬರೆದೆ. ಯಾವ ನೀರು, ಎಲ್ಲಿಯ ನೀರು, ಎಷ್ಟು ದಿನ, ಯಾಕೆ ಎಂದು ಬರೆದು ಸಹಿ ಮಾಡಿದೆ. ಅವಳು ನಿಧಾನವಾಗಿ, ತುಟಿಯಲ್ಲಾಡಿಸುತ್ತ ಓದಿ ಮಡಿಸಿಟ್ಟುಕೊಂಡಳು.

"ಕಂಪನಿಗೆ ನಾನೇ ಕಳಿಸಲೇನಮ್ಮ?" ಅಂದೆ.

"ಕಂಪನಿ ತಗೊಂಡು ಏನ್ ಮಾಡ್ಲಿ? ಅವ್ನೇ ಇಲ್ಲ. ಮಿಡಿಗೇಶಿಗೆ ಹೋಗಿ ಆ ಪ್ಲಾಂಟಿನೋನಿಗೆ ತೋರ್ಸಬೇಕು. ನಮ್ಮಣ್ಣ ಅವನನ್ನ ಊರವ್ರ ಮುಂದೆ ಕಳ್ಳ ಅಂದಿದಾನೆ. ಅವನ ಪರವಾಗಿ ತಪ್ಪಾಯ್ತು ಅಂತ ಕೇಳ್ಕೋಬೇಕು."

"ನಾನೂ ಬರ್ತೀನಮ್ಮ."

"ನೀನು ಬೇಡ. ಎದ್ದೋಗು" ಎಂದು ಬಾಗಿಲು ಹಾಕಿಕೊಂಡಳು.

ಮಧುಗಿರಿಗೆ ಬರುವ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದೆ. ಸಿಟ್ಟು ಬರುತ್ತದೆ, ಈಗಲೂ ಬರುತ್ತದೆ. ಅವನು ಒಳ್ಳೆಯವನಾಗಿದ್ದ ಅಂತ ನಾನು ಹೇಳುವುದಿಲ್ಲ, ಅವನು ಬೈದದ್ದು ಒಂದನ್ನೂ ಮರೆತಿಲ್ಲ. ಆದರೆ ಅವನ ತಂಗಿಗೆ ತಪ್ಪಾಯಿತು ಎಂದು ಕೇಳಿಕೊಳ್ಳಲು ಮಿಡಿಗೇಶಿಯಲ್ಲಿ ಒಬ್ಬನಾದರೂ ಉಳಿದಿದ್ದಾನೆ. ನನಗೆ ಯಾರೂ ಉಳಿದಿಲ್ಲ.